ಕುಂದಕ್ಕ ನೇಪಾಳಕ್ಕೆ ಹೊರಟಿದ್ದು

“ನೋಡಣ್ಣಾ, ನಾ ಸಿಟ್ಟೀಲೆ ಹೊಂಟಿಲ್ಲ. ಯಾರ ಮ್ಯಾಲೂ ಬ್ಯಾಸರ ಮಾಡ್ಕೊಂಡೂ ಹೊಂಟಿಲ್ಲ. ಮಗಳು ಸಾಯಲಿ ನನ್ನ ಚೊಲೋ ನೋಡ್ಕೋತಾಳ, ಅಳಿಯಾನೂ ಮಗನ ಹಂಗ ಅದಾನ. ಆದ್ರ ನನ್ನ ಕಿವಿದು ಒಂಚೂರು ವಿಚಾರ ಮಾಡು. ಬಸ್ಸಿನ್ಯಾಗ ಸೀಟಿ ಊದಿದೆ, ಆಮ್ಯಾಲ ಸ್ಟ್ಯಾಂಡಿನ್ಯಾಗ ಮೈಕ್ ಹಿಡಕೊಂಡು ಕುಂತೆ. ಹಾರ್ನು, ಡ್ರೈವರು ಬೈಯೂದು, ಕೂಸು ಅಳೂದು, ಶೇಂಗಾ ಮಾರಾವ ಒದರೂದು, ಎಲ್ಲಾ ಈ ಎರಡ ಕಿವ್ಯಾಗ ತುಂಬಿಕೊಂಡು ಕುಂತಾವ. ರಿಟೈರ್ ಆದ ಮ್ಯಾಲೆ ಬೆಳಗಾವ್ಯಾಗ ರಾಮತೀರ್ಥ ನಗರದಾಗ ಸುಮ್ಮ ಕುಂದರೂಣು ಅಂದ್ರ ಒಂದ ಬಾಜು ಹೊಸಾ ಮನಿ ಕಟ್ಟಾಕತ್ತಾರ, ಇನ್ನೊಂದ ಬಾಜು ಕಟ್ಟಿದ ಮನಿ ಕೆಡವಾಕತ್ತಾರ. ನೀ ‘ಇಲ್ಲೇ ಊರಾಗ ಬಂದಿರು’ ಅಂತಿ. ಖರೇ, ಇಲ್ಲಿ ಗಾಡಿ ಸಪ್ಪಳ ಇಲ್ಲ. ಆದ್ರ ಇಲ್ಲಿ ನಾ ಪೂಜಾರಿ ಗಜಾನನನ ತಂಗಿ. ಕಟ್ಟಿ ಮ್ಯಾಲೆ ಕುಂತರ ಸಾಕು, ‘ಅಕ್ಕಾರ, ನಮ್ಮ ಹುಡುಗಂದು ಡಿಪೋದಾಗ ಒಂದ ಮಾತು ಹೇಳ್ರಿ, ಅಕ್ಕಾರ, ನಮ್ಮೂರಿಗೆ ಬಸ್ ಯಾಕ ಬಿಡವಲ್ರು’ ಅಂತ ಶುರು ಆಗ್ತದ. ಅಲ್ಲಿ ನನ್ನ ಗೆಳತಿ ಲಕ್ಷ್ಮೀ ಊರಾಗ ಪ್ಯಾಟಿಯೊಳಗ ಒಂದ ಗಾಡಿ ಬಿಡೂದಿಲ್ಲ. ಕಲ್ಲ ಹಾಸಿದ ಬೀದಿ, ಎಲ್ಲಾರೂ ನಡ್ಕೊಂತನ ಹೋಗ್ತಾರ. ಹ್ವಾದ ವರ್ಷ ಮುಕ್ತಿನಾಥಕ್ಕ ಹೋದಾಗ ಆಕಿ ಮನ್ಯಾಗ ಉಳದಿದ್ದೆ. ಮೊದಲನೇ ದಿನಾ ಮುಂಜಾನೆ ಎದ್ದು ಕುಂತೀನಿ, ಏನೋ ಕೇಳಸಾಕತ್ತದ. ಏನಂತ ತಿಳೀವಲ್ದು. ಎಷ್ಟೋ ಹೊತ್ತಿನ ಮ್ಯಾಲೆ ತಿಳೀತು, ಬಾಜೂ ಮನ್ಯಾಗ ಯಾರೋ ಅಕ್ಕಿ ಕೇರಾಕತ್ತಿದ್ರು. ಅಷ್ಟ ಸಣ್ಣ ಸಪ್ಪಳ ಕೇಳಿಸಿ ಎಷ್ಟ ವರ್ಷ ಆಗಿತ್ತೋ ಏನೋ. ಅವತ್ತ ಮನಸಿನ್ಯಾಗ ಆತು, ಇನ್ನ ನಾ ಇರೂದು ಇಲ್ಲೇ ಅಂತ. ನಿನ್ನ ಕೇಳಾಕ ಬಂದಿಲ್ಲಣ್ಣಾ, ಹೇಳಾಕ ಬಂದೇನಿ. ಆದ್ರ ಒಂದ ಬೇಕು. ನಿನ್ನ ಬಾಯಿಂದ ನನಗ ಗಾರಾಣೆ ಬೇಕು.”

ಕುಂದಕ್ಕ ಇಷ್ಟನ್ನು ಒಂದೇ ಉಸಿರಿಗೆ ಹೇಳಿ, ಚಹಾದ ಬಟ್ಟಲು ಕೈಗೆ ತಗೊಂಡಳು. ಅಷ್ಟರಲ್ಲಿ ಚಹಾ ಆರಿ ಕೆನೆ ಕಟ್ಟಿತ್ತು. ಬೆಳಗಾವಿಯ ಬಸ್ ಸ್ಟ್ಯಾಂಡಿನಲ್ಲಿ ಅವಳ ದನಿ ಕೇಳದವರಿಲ್ಲ. “ಖಾನಾಪುರ, ಗುಂಜಿ, ಲೋಂಡಾ ಮಾರ್ಗವಾಗಿ ಹೋಗುವ ಬಸ್ಸು ಅಂಕಣಕ್ಕೆ ಬಂದಿದೆ” ಎಂದು ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೇಳುತ್ತಿದ್ದವಳು ಅವಳೇ. ಮುಖ ಮಾತ್ರ ಬಹಳ ಮಂದಿಗೆ ಗೊತ್ತಿರಲಿಲ್ಲ. ಗಾಜಿನ ಹಿಂದೆ ಕುಳಿತವಳನ್ನು ಯಾರು ನೋಡುತ್ತಾರೆ? ಗಂಡ ಮಧುಕರ ತೀರಿಕೊಂಡ ವಾರವೇ ಡ್ಯೂಟಿಗೆ ಹೋದವಳು ಅವಳು. ಅವತ್ತು ಸಹ ಬಸ್ಸಿನ ಹೆಸರು ಹೇಳುವಾಗ ದನಿ ನಡುಗಲಿಲ್ಲವಂತೆ.

ಅಣ್ಣ ಗಜಾನನನ ಮನೆ ಗುಂಜಿಯಿಂದ ಒಳಗೆ, ಅಡವಿಯ ಅಂಚಿನ ಒಂದು ಸಣ್ಣ ಊರಿನಲ್ಲಿ. ಊರದೇವಿಯ ಪೂಜೆ ಅವರ ಮನೆತನದ್ದು. ಮೊದಲು ಅಪ್ಪ ಮಾಡುತ್ತಿದ್ದ, ಈಗ ಗಜಾನನ. ಆ ಮನೆಯಿಂದ ಯಾರೇ ದೂರ ಹೊರಟರೂ, ಹೆಣ್ಣು ಗಂಡನ ಮನೆಗೆ ಹೊರಟರೂ, ಗಂಡು ನೌಕರಿಗೆ ಹೊರಟರೂ, ದೇವಿಯ ಮುಂದೆ ಗಾರಾಣೆ ಆಗಬೇಕು. ಅಂದರೆ ಪೂಜಾರಿ ತೆಂಗಿನಕಾಯಿ ಹಿಡಿದು ನಿಂತು, ಹೋಗುವವರ ಹೆಸರು, ಹೋಗುವ ಊರು, ಹೋಗುವ ಕಾರಣ ಎಲ್ಲವನ್ನೂ ತಾಯಿಗೆ ಗಟ್ಟಿಯಾಗಿ ಹೇಳಿ, ಇವರನ್ನು ಕಾಯಿ ಎಂದು ಬೇಡುತ್ತಾನೆ. ಸುತ್ತ ನಿಂತವರು ಒಂದೊಂದು ಮಾತಿಗೂ “ಹೌದು ತಾಯಿ” ಎನ್ನುತ್ತಾರೆ. ಕುಂದಕ್ಕ ಮೊದಲ ಸಲ ಖಾಕಿ ಹಾಕಿಕೊಂಡು ಡ್ಯೂಟಿಗೆ ಹೊರಟಾಗ ಅಪ್ಪ ಗಾರಾಣೆ ಹೇಳಿದ್ದ. ಈಗ ಹೇಳುವ ಬಾಯಿ ಒಂದೇ, ಅಣ್ಣನದು. ಅದು ಇಲ್ಲದೆ ಹೊರಡುವುದಕ್ಕೆ ಕುಂದಕ್ಕನ ಕಾಲು ಏಳುವುದಿಲ್ಲ. ಇದು ಗಜಾನನನಿಗೂ ಗೊತ್ತು.

“ಯಾವೂರಂದಿ?” ಎಂದ ಗಜಾನನ.

“ಬಂದೀಪುರ.”

“ಹುಲಿ ಇರ್ತಾವಲ್ಲ, ಮೈಸೂರ ಕಡೆ?”

“ಅದು ಬ್ಯಾರೆ. ಇದು ನೇಪಾಳದಾಗಿಂದು.”

ಒಲೆಯ ಮುಂದಿದ್ದ ಅತ್ತಿಗೆ ಪ್ರಮಿಳಾ ಅಲ್ಲಿಂದಲೇ ಅಂದಳು: “ಹುಲಿ ನೋಡಾಕ ಆಕಿ ಅಷ್ಟ ದೂರ ಯಾಕ ಹೋಗ್ತಾಳ್ರಿ? ನಮ್ಮ ಹಿತ್ತಲದಾಗ ಬಂದು ನಾಯಿ ಹೊತ್ಕೊಂಡು ಹೋಗೇತಿ. ಮನ್ಯಾಗೂ ಒಂದ ಐತಿ, ಗುರ್ ಅಂತ ಕುಂತಿರ್ತದ.”

“ನಿನ್ನ ಯಾರ ಕೇಳಿದ್ರು?” ಎಂದು ಗಜಾನನ ಗುರ್ ಎಂದ.

“ನೋಡ್ರಿ ವೈನಿ, ಖರೇನ ಅದ,” ಎಂದು ಕುಂದಕ್ಕ ನಕ್ಕಳು.

ಆದರೆ ಗಜಾನನ ನಗಲಿಲ್ಲ. ಲಕ್ಷ್ಮೀ ಯಾರು ಎಂದು ಅವನಿಗೆ ಗೊತ್ತಿತ್ತು. ಅವಳ ಗಂಡ ಬೆಳಗಾವಿಯ ಕ್ಯಾಂಪಿನಲ್ಲಿ ಒಂದು ಹೋಟೆಲ್ಲಿನ ಅಡುಗೆಯವನಾಗಿದ್ದ. ಅವಳು ನಾಲ್ಕು ಮನೆಯ ಕೆಲಸಕ್ಕೆ ಹೋಗಲು ದಿನಾ ಕುಂದಕ್ಕನ ಸಿಟಿ ಬಸ್ಸು ಹತ್ತುತ್ತಿದ್ದಳು. ಮೊದಲು ಚಿಲ್ಲರೆಗೆ ಜಗಳ, ಆಮೇಲೆ ಒಬ್ಬರ ಡಬ್ಬಿಯನ್ನು ಒಬ್ಬರು ಉಣ್ಣುವ ಗೆಳೆತನ. ಗಂಡ ಹೋದ ಮೇಲೆ ತನ್ನೂರಿಗೆ ತಿರುಗಿ ಹೋದ ಲಕ್ಷ್ಮೀ, ಯಾತ್ರೆಯವರಿಗೆ ಉಳಿಯಲು ಎರಡು ಕೋಣೆ ಕಟ್ಟಿಸಿದ್ದಳು. ಅಟ್ಟದ ಮೇಲಿನ ಕೋಣೆ ನಿನಗೇ ದೀದಿ ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದಳು.

ಗಜಾನನ ಹೆಗಲ ಮೇಲಿನ ಟಾವೆಲ್ ಕೊಡವಿ ಎದ್ದ. “ಗಾರಾಣೆ ಆಮ್ಯಾಲ. ಮೊದಲ ಕೌಲು ಕೇಳೂಣು. ತಾಯಿ ಬ್ಯಾಡ ಅಂದ್ರ?”

“ಬ್ಯಾಡ ಅಂದ್ರ ಉಳೀತೇನಿ.”

ಪ್ರಮಿಳಾಳ ಕೈಯಲ್ಲಿನ ಸವಟು ಅಲ್ಲೇ ನಿಂತಿತು. “ಏ ಕುಂದಾ, ವಿಚಾರ ಮಾಡಿ ಆಡು. ಈ ಮನ್ಯಾಗ ಆಡಿದ ಮಾತು ತಿರುಗಿ ತಗೋಳಾಕ ಬರೂದಿಲ್ಲ.”

“ಗೊತ್ತೈತಿ ವೈನಿ. ಅದಕ್ಕ ಆಡೇನಿ.”

ಕೌಲು ಎಂದರೆ ದೇವಿಯ ಉತ್ತರ. ನೀರಲ್ಲಿ ಅದ್ದಿದ ಹೂವಿನ ಪಕಳೆಯನ್ನು ಕಲ್ಲಿನ ಮೂರ್ತಿಯ ಬಲಭುಜಕ್ಕೊಂದು, ಎಡಭುಜಕ್ಕೊಂದು ಹಚ್ಚುತ್ತಾರೆ. ಪ್ರಶ್ನೆ ಹೇಳಿ ಎಲ್ಲರೂ ಕಾಯುತ್ತ ಕೂಡುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಉಹೂಂ. ಮದುವೆ, ಬಾವಿ ತೋಡುವುದು, ಎಮ್ಮೆ ಕೊಳ್ಳುವುದು, ಎಲ್ಲಕ್ಕೂ ಆ ಊರವರು ಕೌಲು ಕೇಳುತ್ತಾರೆ. ಬಿದ್ದ ಪಕಳೆಯ ಮೇಲೆ ಮತ್ತೆ ಮಾತಿಲ್ಲ.

ಅವತ್ತು ಗುಡಿಯಲ್ಲಿ ಅಣ್ಣ, ತಂಗಿ, ಪ್ರಮಿಳಾ ಬಿಟ್ಟರೆ ಹೆಚ್ಚು ಮಂದಿ ಇರಲಿಲ್ಲ. ಭತ್ತದ ಕೊಯ್ಲು ಮುಗಿದಿತ್ತು. ಕುರಿಯ ಬಂಡೆಪ್ಪ ಒಬ್ಬ ಕಂಬಳಿ ಹೊದ್ದು ಕಟ್ಟೆಗೆ ಒರಗಿ ಕುಳಿತಿದ್ದ. ಕೊಯ್ಲಾದ ಗದ್ದೆಗಳಲ್ಲಿ ಕುರಿ ತರುಬಿ ಗೊಬ್ಬರ ಮಾಡಿಕೊಡುವವನು ಅವನು. ಈ ಸಲ ಮೇಲಿನ ಗದ್ದೆಯೋ ಹೊಳೆ ಬಾಜಿನ ಗದ್ದೆಯೋ ಎಂದು ತಾಯಿಯನ್ನು ಕೇಳಲು ಬಂದಿದ್ದ.

“ನಿಮ್ಮದು ಆಗ್ಲಿ ಅಕ್ಕಾರ, ನಂದು ಆಮ್ಯಾಲ,” ಎಂದ ಬಂಡೆಪ್ಪ. “ನಮ್ಮ ಕುರಿಗೆ ಏನು, ನೇಪಾಳದ ಚಿಂತಿ ಇಲ್ಲ.”

“ನಿನಗ ಯಾರ ಹೇಳಿದ್ರೋ ನೇಪಾಳಂತ?”

“ನಿಮ್ಮ ವೈನಿಯವರು ನೀರಿಗೆ ಬಂದಾಗ ಅಂದ್ರು. ಈಗ ಗುಂಜಿತನಾ ಗೊತ್ತಾಗಿರಬೇಕು.”

ಗಜಾನನ ಗರ್ಭಗುಡಿಯೊಳಗೆ ಹೋಗಿ, ಕೈಮುಗಿದು ಪ್ರಶ್ನೆ ಹೇಳಿದ. “ತಾಯೀ, ಕುಂದಾ ನಿನ್ನ ಮಗಳು. ಈಕಿ ಇಲ್ಲೇ ಇರೂದು ಚೊಲೋ ಅಂದ್ರ ಬಲ ಕೊಡು. ಹೊರದೇಶಕ್ಕ ಹೋಗೂದು ಚೊಲೋ ಅಂದ್ರ ಎಡ ಕೊಡು.”

ಕುಂದಕ್ಕನಿಗೆ ಒಳಗೊಳಗೇ ನಗು ಬಂತು. ಯಾರಾದರೂ ಸರಿ, ತಮಗೆ ಬೇಕಾದದ್ದನ್ನೇ ಬಲಕ್ಕೆ ಇಡುವುದು. ಅಣ್ಣನೂ ಅದನ್ನೇ ಮಾಡಿದ. ಇರಲಿ ಬಿಡು, ಬೀಳುವುದು ಯಾವುದಾದರೂ ಬೀಳುತ್ತದೆ ಎಂದುಕೊಂಡಳು. ಅಷ್ಟರಲ್ಲಿ ಅವಳ ಕಣ್ಣು ಅಣ್ಣನ ಕೈಯ ಮೇಲೆ ಹೋಯಿತು. ಬಲಗಡೆಯ ಪಕಳೆಯನ್ನು ಅವನು ಬರೀ ನೀರಲ್ಲಿ ಅದ್ದಿ ಹಚ್ಚಿದ. ಎಡಗಡೆಯದನ್ನು ಹಚ್ಚುವ ಮುಂಚೆ ಬೆರಳನ್ನು ಗಂಧದ ಬಟ್ಟಲಿಗೆ ಒಯ್ದ. ಹುಡುಗಿಯಾಗಿದ್ದಾಗ ಅಪ್ಪನಿಗೆ ದಿನಾ ಗಂಧ ತೇಯ್ದು ಕೊಡುತ್ತಿದ್ದವಳು ಇವಳೇ. ದಪ್ಪ ಗಂಧ ಒಣಗಿದರೆ ಅಂಟಿನ ಹಾಗೆ. ಪಕಳೆ ಬಾಡಿದರೂ ಬೀಳುವುದಿಲ್ಲ.

ಅವಳು ಬಾಯಿ ತೆರೆದರೆ ಆಯಿತು. “ಅಣ್ಣಾ, ಇದೇನ ಮಾಡಿದಿ” ಎಂದರೆ ಮುಗಿಯಿತು. ಆದರೆ ಹೊರಗೆ ಬಂಡೆಪ್ಪ ಕುಳಿತಿದ್ದ. ಪೂಜಾರಿ ಕೌಲಿನಲ್ಲಿ ಕೈಯಾಡಿಸಿದ ಎಂಬ ಮಾತು ಸಂಜೆಗೆ ಗುಂಜಿ ಮುಟ್ಟುತ್ತಿತ್ತು. ಅದಕ್ಕಿಂತ ಹೆಚ್ಚಿಗೆ, ಅವಳು ಅಣ್ಣನ ಮುಖ ನೋಡಿದಳು. ಚಳಿಯ ದಿನ, ಅವನ ಹಣೆಯ ಮೇಲೆ ಬೆವರಿತ್ತು.

ಅವಳು ಸುಮ್ಮನೆ ಕುಳಿತಳು.

ಬಲಗಡೆಯ ಪಕಳೆ ಬಿತ್ತು.

ಪ್ರಮಿಳಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಂಡೆಪ್ಪ “ಅಯ್ಯ ಶಿವನ” ಎಂದ. ಕುಂದಕ್ಕ ಎದ್ದು, ಹೊಸ್ತಿಲಿಗೆ ಹಣೆ ಹಚ್ಚಿ, “ಆತಣ್ಣಾ. ಮಾತಂದ್ರ ಮಾತು. ನಾ ಹೋಗೂದಿಲ್ಲ” ಎಂದಳು. ಅವಳ ದನಿ ನಡುಗಲಿಲ್ಲ.

“ಪೂಜಾರ್ರ, ನಂದೊಂದು,” ಎಂದು ಬಂಡೆಪ್ಪ ಮುಂದೆ ಬಂದ.

“ನಾಳೆ ಬಾ,” ಎಂದು ಗಜಾನನ ಅವನ ಕಡೆ ನೋಡದೇ ಮನೆಯ ದಾರಿ ಹಿಡಿದ.

ಕುಂದಕ್ಕ ಹಿತ್ತಲಿಗೆ ಹೋಗಿ ಮಗಳಿಗೆ ಫೋನ್ ಹಚ್ಚಿದಳು. ಊರಲ್ಲಿ ಫೋನ್ ಹತ್ತುವುದು ಹಲಸಿನ ಗಿಡದ ಬುಡದಲ್ಲಿ ಮಾತ್ರ. ಸಾಯಲಿ ಕೇಳಿ ಸಿಟ್ಟಿಗೆದ್ದಳು. “ಅವ್ವಾ, ಹೂವು ಬಿತ್ತಂತ ಯಾರರ ಕುಂದರ್ತಾರೇನ? ಗಡಿ ಹಂತೇಕ ಗೋರಖಪುರತನಾ ರೈಲ್ ಟಿಕೆಟ್ ತಗದೇನಿ. ರದ್ದ ಮಾಡ್ಲ್ಯಾ ಹಂಗಾರ?”

“ರದ್ದ ಮಾಡಬ್ಯಾಡ.”

“ಹೋಗೂದಿಲ್ಲ ಅಂದಿ ಈಗರ!”

“ನಾ ಹೋಗೂದಿಲ್ಲ ಅಂದೇನಿ. ನಿಮ್ಮ ಮಾವ ಇನ್ನೂ ಏನೂ ಅಂದಿಲ್ಲ. ನೀ ಸುಮ್ಮಿರು.”

“ನಿನ್ನ ಮಾತ ನನಗ ತಿಳೀವಲ್ದವ್ವಾ.”

“ನನಗ ನಮ್ಮಣ್ಣ ತಿಳೀತಾನ. ಸಣ್ಣಂವ ಇದ್ದಾಗ ಒಮ್ಮೆ ಬೆಲ್ಲ ಕದ್ದು ತಿಂದಿದ್ದ. ಯಾರೂ ಕೇಳಿದ್ದಿಲ್ಲ. ಮೂರ ದಿನ ಉಣಲಿಲ್ಲ, ಆಮ್ಯಾಲ ತಾನ ಹೋಗಿ ಅಪ್ಪಗ ಹೇಳಿ ಹೊಡಿಸಿಕೊಂಡು ಬಂದು ಉಂಡ. ಇಡು ಫೋನ.”

ಮಗಳಿಗೆ ಹಾಗೆ ಧೈರ್ಯದಿಂದ ಹೇಳಿದಳು, ಖರೆ. ಆದರೆ ಫೋನ್ ಇಟ್ಟ ಮೇಲೆ ಗಿಡದ ಬುಡದಲ್ಲಿ ಸ್ವಲ್ಪ ಹೊತ್ತು ನಿಂತಳು. ಅಣ್ಣ ಈಗ ಸಣ್ಣವನಲ್ಲ. ಮುದುಕನಾದ ಮೇಲೆ ಮನುಷ್ಯ ತನ್ನ ತಪ್ಪಿನ ಜೊತೆ ರಾಜಿಯಾಗುವುದನ್ನೂ ಕಲಿತಿರುತ್ತಾನೆ. ಹಾಗಾದರೆ ಅವಳು ಆಡಿದ ಮಾತಿಗೆ ಕಟ್ಟುಬಿದ್ದು ಇಲ್ಲೇ ಉಳಿಯಬೇಕು, ಡಿಪೋದ ವಶೀಲಿ ಕೇಳುವವರ ನಡುವೆ. ಉಳಿಯುತ್ತಿದ್ದಳು. ಅದರಲ್ಲಿ ಸುಳ್ಳಿಲ್ಲ.

ಮರುದಿನ ಗಜಾನನ ಅರ್ಧ ಭಾಕರಿ ತಿಂದು ಎದ್ದ. “ಪಲ್ಯ ಖಾರ ಆತು” ಎಂದ. ಪ್ರಮಿಳಾ, “ನಿನ್ನಿಂದು ಇದಾ ಪಲ್ಯ. ನಿನ್ನಿ ಎರಡ ಸಲ ಹಾಕ್ಕೊಂಡ್ರಿ,” ಎಂದಳು. ಬಂಡೆಪ್ಪ ಬಂದ. “ನಾಳೆ ಬಾ” ಎಂದು ಕಳಿಸಿದ. ಕುಂದಕ್ಕ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

ಅದರ ಮರುದಿನ ಮುಂಜಾನೆ ಬಂಡೆಪ್ಪ ಗುಡಿಗೆ ಹೋಗಲೇ ಇಲ್ಲ, ನೇರವಾಗಿ ಮನೆಯ ಅಂಗಳಕ್ಕೇ ಬಂದು ಕುಳಿತ.

“ಪೂಜಾರ್ರ, ಏನ ಸಿಟ್ಟೇನ್ರಿ ನನ್ನ ಮ್ಯಾಲೆ? ಕುರಿ ರಸ್ತೇದಾಗ ನಿಂತಾವ. ಮ್ಯಾಲಿನ ಗದ್ದಿಯವರೂ ಬೈತಾರ, ಕೆಳಗಿನ ಗದ್ದಿಯವರೂ ಬೈತಾರ.”

“ನಿನಗ ತಿಳದಲ್ಲಿ ತರುಬು ಹೋಗೊ.”

“ನನಗ ತಿಳೀತಿದ್ರ ನಿಮ್ಮಲ್ಲಿ ಯಾಕ ಬರ್ತಿದ್ದೆ? ನಮ್ಮಪ್ಪನ ಕಾಲದಿಂದ ನಿಮ್ಮ ಕೈಯಾಗ ಬಿದ್ದ ಪಕಳಿ ನಂಬಿ ಕುರಿ ತರುಬೇವಿ. ಒಂದ ಸಲ ಹೊಳಿ ಏರಿ ಹತ್ತ ಮರಿ ಹ್ವಾದ್ವು. ಆವಾಗೂ ಪೂಜಾರ್ರ ಕೈ ತಪ್ಪು ಅಂದಿಲ್ಲ, ತಾಯಿ ಮನಸ್ಸು ಅಂದೇವಿ. ಮೊನ್ನೆ ಅಕ್ಕಾರಿಗೆ ಹೇಳಿದ್ರಿ, ಅವರು ಒಂದ ಮಾತ ಆಡ್ಲಿಲ್ಲ. ಹಂಗ ನಾನೂ. ಹೂಂ ಅನ್ರಿ, ಉಹೂಂ ಅನ್ರಿ, ಏನರ ಒಂದ ಕೊಡ್ರಿ.”

ಗಜಾನನನ ಮುಖ ಸಣ್ಣದಾಯಿತು. ಅವನು ಎದ್ದು ಹಿತ್ತಲಿಗೆ ಬಂದ. ಕುಂದಕ್ಕ ಅಲ್ಲಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಅವನು ಗೋಡೆಗೆ ಒರಗಿ ನಿಂತ.

“ನಿನಗ ಕಂಡಿತ್ತಲ್ಲಾ?”

“ಕಂಡಿತ್ತು.”

“ಮತ್ತ ಯಾಕ ಸುಮ್ಮ ಕುಂತಿ?”

“ನೀ ಹೇಳ್ತಿ ಅಂತ.”

“ಹೇಳದಿದ್ರ?”

“ಉಳೀತಿದ್ದೆ. ನಿನ್ನ ಎಮ್ಮಿ ಕಾಯ್ಕೊಂತ.”

ಅವನು ಟಾವೆಲಿನಿಂದ ಮುಖ ಒರೆಸಿಕೊಂಡ. ಒರೆಸಿದ್ದು ಬೆವರೋ ಮತ್ತೊಂದೋ, ಕುಂದಕ್ಕ ನೋಡಲು ಹೋಗಲಿಲ್ಲ. “ಇಷ್ಟ ವರ್ಷದಾಗ ಒಂದ ಸಲಾನೂ ಹಂಗ ಮಾಡಿಲ್ಲ ಕುಂದಾ. ತಾಯಿ ಆಣಿ. ನೀ ಅಲ್ಲಿ ಬಿದ್ದಿ, ಎದ್ದಿ, ಜ್ವರಾ ಬಂತು, ಏನರ ಒಂದ ಆತು, ನನಗ ಯಾರ ಹೇಳಾವ್ರು? ಆ ಮಂದಿ ಮಾತು ನನಗ ತಿಳೀತೈತೇನು? ಬೆಳಗಾವಿ ಅಂದ್ರ ಬಸ್ ಹತ್ತಿ ಬರ್ತೇನಿ. ಅಲ್ಲಿಗೆ ಹೆಂಗ ಬರ್ಲಿ? ಆ ವಿಚಾರದಾಗ ಬೆರಳು ತಾನ ಗಂಧಕ್ಕ ಹೋತು.”

“ಬೆರಳು ತಾನ ಹೋತೇನು!”

“ನಗಬ್ಯಾಡ.”

“ನಗಲಾರದ ಏನ ಮಾಡ್ಲಿ? ಬಾ ಇಲ್ಲಿ,” ಎಂದು ಕುಂದಕ್ಕ ಕೈ ಒರೆಸಿಕೊಂಡು ಅವನನ್ನು ಹಲಸಿನ ಗಿಡದ ಬುಡಕ್ಕೆ ಕರೆದೊಯ್ದಳು. ಲಕ್ಷ್ಮೀಗೆ ಫೋನ್ ಹಚ್ಚಿ, ದನಿ ಹೊರಗೆ ಕೇಳುವ ಹಾಗೆ ಮಾಡಿ, ಅಣ್ಣನ ಮುಂದೆ ಹಿಡಿದಳು.

“ಹಾಂ ದೀದಿ, ಯಾವಾಗ ಬರಾಕತ್ತಿ? ಅಟ್ಟಕ್ಕ ಸುಣ್ಣಾ ಹೊಡಿಸೇನಿ!” ಎಂದಿತು ಫೋನು.

ಗಜಾನನ ಹೌಹಾರಿದ. “ಈಕಿಗೆ ಕನ್ನಡ ಬರ್ತೈತೇನು?”

“ಯಾರದು ಮಾತಾಡೂದು? ಗಜಾನನ ಅಣ್ಣಾರೇನ್ರಿ? ನಮಸ್ಕಾರ್ರಿ. ಆರಾಮ ಅದೀರೇನ್ರಿ? ನಿಮ್ಮ ತಂಗಿ ನನಗ ಒಂದ ರೂಪಾಯಿ ಚಿಲ್ಲರ ಸಂಬಂಧ ಬಸ್ಸಿನಿಂದ ಇಳಿಸಿದ್ದಳ್ರಿ. ಕನ್ನಡ ಆವತ್ತ ಕಲತೇನಿ, ಬೈಯೂ ಸಂಬಂಧ.”

“ಇಳಿಸಿದ್ದಿಲ್ಲ, ಇಳಿಸ್ತೇನಿ ಅಂದಿದ್ದೆ,” ಎಂದಳು ಕುಂದಕ್ಕ.

“ಸುಳ್ಳ! ಕಿಲ್ಲೆ ಕೆರಿ ಹಂತೇಕ ಇಳಿಸಿದ್ದಿ. ನಡ್ಕೊಂತ ಹೋಗೇನಿ.”

ಗಜಾನನನ ಮೀಸೆಯ ಅಂಚು ಅಲುಗಿತು. ಆದರೂ ಗಂಭೀರವಾಗಿಯೇ ಕೇಳಿದ. “ಈಕಿಗೆ ಏನರ ಆರಾಮ ಇಲ್ಲದಂಗ ಆದ್ರ ನನಗ ಹೇಳ್ತೀರೇನವ್ವಾ? ಮುಚ್ಚಿಡಬಾರದು.”

“ಸೀನು ಬಂದ್ರೂ ಹೇಳ್ತೇನ್ರಿ ಅಣ್ಣಾರ. ನೀವ ಸಾಕವ್ವಾ ಅನ್ನೂತನಾ ಹೇಳ್ತೇನಿ.”

ಗಜಾನನ ಫೋನಿಗೆ ಇನ್ನಷ್ಟು ಬಾಗಿದ. ಆಮೇಲೆ ಕೇಳಿದ್ದು ಪೂಜಾರಿಯ ಮಾತು. “ನಿಮ್ಮೂರ ತಾಯಿ ಹೆಸರೇನು?”

“ಗುಡ್ಡದ ಮ್ಯಾಲೆ ಥಾನಿ ಮಾಯಿ ಅದಾಳ್ರಿ.”

“ಮಾಯಿ,” ಎಂದು ಗಜಾನನ ಬಾಯಲ್ಲಿ ತಿರುವಿ ನೋಡಿದ. “ಮಾಯಿ ಅಂದ್ರ ತಾಯಿನಾ. ಆತು ಬಿಡು.”

ಫೋನ್ ಇಟ್ಟ ಮೇಲೆ ಕುಂದಕ್ಕ ಕೇಳಿದಳು. “ಮತ್ತ ಕೌಲು ಹಚ್ಚತಿಯೇನು? ಈ ಸಲ ಎರಡೂ ಕಡೆ ಬರೇ ನೀರು?”

ಗಜಾನನ ತಲೆ ಅಲ್ಲಾಡಿಸಿದ. “ಬ್ಯಾಡ. ಮೊನ್ನೆ ಉತ್ತರ ಕೊಟ್ಟಾಂವ ನಾನು, ತಾಯಿ ಅಲ್ಲ. ಆಕಿನ್ನ ನಾ ಕೇಳೇ ಇಲ್ಲ. ಮತ್ತ ಕೌಲು ಕೇಳೂದು ಮನಸಿನ್ಯಾಗ ಗೊತ್ತಾಗಲಾರದ್ದಕ್ಕ. ಬಂಡೆಪ್ಪಗ ಗೊತ್ತಿಲ್ಲ, ಅವ ಕೇಳ್ತಾನ. ನಿನಗ ಗೊತ್ತೈತಿ. ಗೊತ್ತಿದ್ದದ್ದು ಕೇಳಿ ತಾಯಿಗೆ ಯಾಕ ತ್ರಾಸ ಕೊಡೂದು? ಹೋಗು, ಸೀರಿ ಉಟ್ಕೊಂಡು ಬಾ. ವೈನಿಗೆ ಒಂದ ಕಾಯಿ ತಗದಿಡಾಕ ಹೇಳು.”

ಅವತ್ತು ಗುಡಿಯಲ್ಲಿ ಗಾರಾಣೆ ಆಯಿತು. ಅಪ್ಪನ ಕಾಲದಿಂದ ಬಂದ ಮಾತು, ಅರ್ಧ ಮರಾಠಿ, ಅರ್ಧ ಕನ್ನಡ. ಗಜಾನನ ಮೊದಲು ತಾಯಿಗೆ ಗಂಧದ ತಪ್ಪನ್ನು ಒಪ್ಪಿಸಿದ. ಅದನ್ನು ಮೆಲ್ಲಗೆ, ಒಳಗೇ ನಿಂತು ಹೇಳಿದ. ಬಂಡೆಪ್ಪನಿಗೆ ಕೇಳಿಸಿತೋ ಇಲ್ಲವೋ, ಅವನು ಕಂಬಳಿಯ ದಾರ ಕೀಳುತ್ತ ಕುಳಿತಿದ್ದ. ಆಮೇಲೆ ಹೊಸ್ತಿಲಿಗೆ ಬಂದು, ಕಾಯಿ ಎತ್ತಿ ಹಿಡಿದು, ಬಸ್ ಸ್ಟ್ಯಾಂಡಿನ ಮೈಕಿಗೇನೂ ಕಡಿಮೆಯಿಲ್ಲದ ದನಿಯಲ್ಲಿ ಶುರು ಮಾಡಿದ.

“ತಾಯೀ, ಈ ಸೀಮಿ ಕಾಯಾಕಿ, ಕೇಳು. ನಿನ್ನ ಪೂಜಾರಿ ಮನಿ ಮಗಳು ಕುಂದಾ.”

“ಹೌದು ತಾಯಿ,” ಎಂದರು ಪ್ರಮಿಳಾ ಮತ್ತು ಬಂಡೆಪ್ಪ.

“ನೌಕರಿ ಮುಗಿಸ್ಯಾಳ. ಮಂದೀನ್ನ ಅವರವರ ಊರಿಗೆ ಕಳಿಸಿ ಕಳಿಸಿ ದಣದಾಳ.”

“ಹೌದು ತಾಯಿ.”

“ಈಗ ತಾನ ಹೊಂಟಾಳ. ಸುಖಕ್ಕ ಹೊಂಟಾಳ, ದುಃಖಕ್ಕ ಅಲ್ಲ. ನಿನ್ನ ಗಡಿತನಾ ನೀ ಕಾಯಿ. ಗಡಿ ದಾಟಿದ ಮ್ಯಾಲೆ ಅಲ್ಲಿ ಗುಡ್ಡದ ಮ್ಯಾಲೆ ಮಾಯಿ ಅದಾಳಂತ. ಆಕಿ ಕೈಯಾಗ ಕೊಡು. ನಮ್ಮ ಹುಡುಗಿ ಅಂತ ಹೇಳಿ ಕೊಡು.”

“ಹೌದು ತಾಯಿ,” ಎಂದ ಬಂಡೆಪ್ಪ, ಎಲ್ಲರಿಗಿಂತ ಗಟ್ಟಿಯಾಗಿ. ತನ್ನ ಸರದಿ ಹತ್ತಿರ ಬಂತೆಂದು ಅವನಿಗೆ ಖುಷಿಯಾಗಿತ್ತು.

“ಹುಡುಗಿ” ಎಂಬ ಮಾತಿಗೆ ಕುಂದಕ್ಕನಿಗೆ ಕಣ್ಣು ತುಂಬಿತು. ಬೇರೆ ಯಾವುದಕ್ಕೂ ಅಲ್ಲ. ತಲೆಯೆಲ್ಲ ಬೆಳ್ಳಗಾದವಳನ್ನು ಇನ್ನು ಹಾಗೆ ಅನ್ನುವವರು ಯಾರಿದ್ದರು?

ಗಜಾನನ ಕಾಯಿ ಒಡೆದು ಒಂದು ಹೋಳು ಅವಳ ಸೆರಗಿಗೆ ಹಾಕಿದ. ಆಮೇಲೆ ಕೈ ತೊಳೆದುಕೊಂಡು ಬಂದು, ಎರಡು ಪಕಳೆಯನ್ನು ನೀರಲ್ಲಿ ಅದ್ದಿದ. “ಬಾರೋ ಬಂಡೆಪ್ಪಾ. ಮ್ಯಾಲಿನ ಗದ್ದಿಯೋ, ಹೊಳಿ ಬಾಜೂನೋ?”

ಆ ಉತ್ತರ ಬರುವ ತನಕ ಕುಂದಕ್ಕ ನಿಲ್ಲಲಿಲ್ಲ. ಮುಂಜಾನೆಯಿಂದ ಮನೆಯ ಕೆಲಸ ಹಾಗೇ ಬಿದ್ದಿತ್ತು. ನಾಳೆ ಬೆಳಗಾವಿಗೆ ಹೋಗಿ ಸಾಮಾನು ಕಟ್ಟಬೇಕು, ಸಾಯಲಿಯ ಬೈಗುಳ ಕೇಳಬೇಕು, ರೈಲು ಹಿಡಿಯಬೇಕು. ಅದೆಲ್ಲ ನಾಳೆಯ ಮಾತು. ಅವಳು ಹಿತ್ತಲಿಗೆ ಬಂದು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಚ್ಚಲ ಕಲ್ಲಿನ ಮೇಲೆ ಕುಳಿತಳು. ಮುಸುರೆಯ ಪಾತ್ರೆಗಳನ್ನು ಹತ್ತಿರ ಎಳೆದುಕೊಂಡಳು. ಭಾಕರಿಯ ಹೆಂಚು, ಅನ್ನದ ಗುಂಡಿ, ಗುಡಿಗೆ ಹೊರಡುವ ಮುಂಚೆ ಅಣ್ಣ ಪೂರ್ತಿ ಉಂಡು ಬಿಟ್ಟಿದ್ದ ತಾಟು. ತೆಂಗಿನ ನಾರಿನ ಮೇಲೆ ಬೂದಿ ಹಾಕಿಕೊಂಡು ಒಂದೊಂದಾಗಿ ತಿಕ್ಕಿದಳು.

“ನಾ ತಿಕ್ಕತೇನಿ ಬಿಡ ಕುಂದಾ, ಹೊಂಟಾಕಿ ನೀ,” ಎಂದಳು ಪ್ರಮಿಳಾ ಗುಡಿಯಿಂದ ಬಂದವಳು.

“ನೀರ ಹಾಕ್ರಿ ವೈನಿ,” ಎಂದು ಕುಂದಕ್ಕ ತಿಕ್ಕಿದ ಹೆಂಚನ್ನು ಮುಂದೆ ಹಿಡಿದಳು. ಪ್ರಮಿಳಾ ಚರಿಗೆಯಿಂದ ನೀರು ಹಾಕಿದಳು.